ಕೆರೆಗೆ ಮಾಂಗೂರ ಬಂದ ಮಳೆಗಾಲ

ಆ ಮೀನನ್ನು ಬಲೆಯಿಂದ ಬಿಡಿಸಿ ಏರಿಯ ಕಲ್ಲಿನ ಮೇಲೆ ಹಾಕಿದಾಗ, ಸುತ್ತ ನಿಂತವರಲ್ಲಿ ಅದು ಎಲ್ಲಿಂದ ಬಂತೆಂದು ಗೊತ್ತಿದ್ದವಳು ನಾನೊಬ್ಬಳೇ. ಆದರೂ ಬಾಯಿ ಬಿಡಲಿಲ್ಲ.

ನಮ್ಮೂರು ಶಹಾಪುರದಿಂದ ಗೋಗಿ ಕಡೆ ಹೋಗುವ ದಾರಿಯಲ್ಲಿ, ಟಂಟಂ ಇಳಿದು ಸ್ವಲ್ಪ ನಡೆಯುವಷ್ಟು ಒಳಗಿದೆ. ಊರಿನ ಮಗ್ಗುಲಿಗೇ ಕೆರೆ. ನಾನು ಊರ ಶಾಲೆಯಲ್ಲಿ ಟೀಚರ್. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ತಮ್ಮನ ಮನೆಗೆ ಅಂಟಿಕೊಂಡ ಎರಡು ಕೋಣೆಗಳಲ್ಲಿದ್ದೇನೆ. ಅಂಗಳ ಒಂದೇ. ಅವನ ಹೆಂಡತಿ ರೊಟ್ಟಿ ಬಡಿದರೆ ನನ್ನ ಪಾಲಿನವೂ ಬುಟ್ಟಿಯಲ್ಲಿರುತ್ತವೆ.

ಮೀನು ಮೊಳಕ್ಕಿಂತ ಉದ್ದವಿತ್ತು. ಹುರುಪೆಯಿಲ್ಲದ ಕಪ್ಪು ಮೈ, ಚಪ್ಪಟೆ ತಲೆ, ಬಾಯಿಯ ಸುತ್ತ ಮೀಸೆ. ನೀರಿನಿಂದ ತೆಗೆದು ಬಹಳ ಹೊತ್ತಾಗಿದ್ದರೂ ಸತ್ತಿರಲಿಲ್ಲ. ಮೀನು ಹಿಡಿಯುವ ಮನೆಗಳಿಗೆಲ್ಲ ಹಿರಿಯನಾದ ಮುತ್ಯಾ ಅದರ ಹೊಟ್ಟೆ ಸೀಳಿದ. ಒಳಗೆ ನಮ್ಮ ಕೆರೆಯ ಮರಲ್ ಮೀನಿನ ಮರಿಗಳು, ಒಂದು ಕಪ್ಪೆ, ಯಾವುದೋ ನೀರುಹಕ್ಕಿಯ ಮರಿಯ ಕಾಲು.

"ಇದು ನಮ್ಮ ಕೆರಿ ಮೀನಲ್ಲ," ಎಂದ. "ಇದು ಮಾಂಗೂರ. ಹೊರದೇಶದ ತಳಿ. ಕೃಷ್ಣಾ ದಂಡೀಗಿ ನನ್ನ ಬೀಗರ ಊರಾಗ ಒಂದು ಕೆರಿ ಇದರಿಂದ ಬರಿದಾಗಿದ್ದು ಕಣ್ಣಾರೆ ನೋಡೀನಿ. ಒಂದು ಸಲ ಇಳಿದು ಮರಿ ಹಾಕಿತಂದ್ರ ಮುಗೀತು. ಸಣ್ಣದು ದೊಡ್ಡದು ಎಲ್ಲಾ ತಿಂದು, ಕಡೀಕ ತನ್ನ ಮರೀನೂ ತಿಂತದ."

ಇಂಥದೇ ಮೀನನ್ನು ನಾನು ನಮ್ಮ ಹೊಲದಲ್ಲಿ ನೋಡಿದ್ದೆ. ತೊಗರಿಗೆ ನೀರು ಹಾಯಿಸಲೆಂದು ಹೊಲದ ಮೇಲಿನ ಬದಿಗೆ ನನ್ನ ತಮ್ಮ ಕೃಷಿ ಹೊಂಡ ತೋಡಿಸಿದ್ದ. ಬೇಸಿಗೆಯಲ್ಲಿ ಯಾರೋ ವ್ಯಾಪಾರಿ ಬಂದು ಅದರಲ್ಲಿ ಮೀನಿನ ಮರಿ ಬಿಟ್ಟುಹೋದ. ಬೆಳೆದ ಮೇಲೆ ತಾನೇ ಬಂದು ಒಯ್ಯುವುದಾಗಿ ಹೇಳಿದ್ದನಂತೆ. ಒಮ್ಮೆ ಸಜ್ಜೆ ಕಟಾವು ನೋಡಲು ಹೋದಾಗ ಹೊಂಡದ ಹತ್ತಿರ ಮೂಗು ಮುಚ್ಚಿಕೊಂಡಿದ್ದೆ. ತಮ್ಮ ಅದಕ್ಕೆ ಕೋಳಿ ಅಂಗಡಿಯ ಕರುಳು ತಂದು ಸುರಿಯುತ್ತಿದ್ದ. ನೀರು ಕುದಿದಂತೆ ಎದ್ದು ಅಷ್ಟೂ ಮಾಯವಾಗಿತ್ತು. "ಹೈಬ್ರಿಡ್ ಅದಾವಕ್ಕ, ಜಲ್ದಿ ಬೆಳೀತಾವ," ಎಂದು ನಕ್ಕಿದ್ದ.

ಅಂದು ಸಂಜೆ ಏರಿಯ ಮೇಲೆ ಊರು ಸೇರಿತು. ಮೀನು ಹಿಡಿಯುವವರು, ಬಟ್ಟೆ ಒಗೆಯಲು ಬರುವ ಹೆಂಗಸರು, ಎಮ್ಮೆ ತೊಳೆಯುವವರು, ಕೆರೆಯ ಕೆಳಗೆ ಗದ್ದೆ ಇದ್ದವರು. ಹಳ್ಳ ಕೆರೆಗೆ ಸೇರುವ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಬೇಕು, ಸಿಕ್ಕ ಮಾಂಗೂರವನ್ನು ತಿರುಗಿ ನೀರಿಗೆ ಬಿಡಬಾರದು, ದಿನಾ ಎರಡು ಮನೆಯವರು ಕಾವಲು ಎಂದು ಮಾತಾಯಿತು. ಆಮೇಲೆ, ಇದನ್ನು ತಂದವರು ಯಾರು ಎಂಬ ಪ್ರಶ್ನೆ ಬಂತು. ಒಬ್ಬ ಖಾಲಾನ ಹೆಸರು ತೆಗೆದ.

ಖಾಲಾ, ಅಂದರೆ ಚಿಕ್ಕಮ್ಮ, ಎಂದು ನಾವೆಲ್ಲ ಕರೆಯುವ ಆ ಹೆಂಗಸು ಏರಿಯ ತುದಿಯಲ್ಲಿ ಕೂತು ಮೀನು ಮಾರುತ್ತಿದ್ದಳು. ಕೆರೆಯ ಮೀನು ಸಾಲದ ದಿನ ಶಹಾಪುರದಿಂದ ತಂದು ಮಾರುತ್ತಿದ್ದಳು. "ಹೊರಗಿನ ಮೀನು ತರೋದು ಆಕಿ ಒಬ್ಬಾಕಿನೇ," ಎಂದ ಅವನು. "ಟಬ್ಬಿನಿಂದ ಜಿಗಿದಿರಬೇಕು."

"ಅಲ್ಲಾ ಕಸಮ್, ನಾ ತಂದಿಲ್ರಿ," ಖಾಲಾ ಎದ್ದು ನಿಂತಳು. "ನನ್ನ ಟಬ್ಬಿನ್ಯಾಗ ಬರೋದು ಬರಫ್ ಹಾಕಿದ ಸತ್ತ ಮೀನು. ಸತ್ತದ್ದು ಕೆರಿಗಿ ಹ್ಯಾಂಗ ಇಳೀತದ?"

ಆದರೂ ಇದು ಇತ್ಯರ್ಥವಾಗುವ ತನಕ ಆಕೆ ಏರಿಗೆ ಬರಬಾರದು ಎಂದು ತೀರ್ಮಾನವಾದಾಗ ಯಾರೂ ಬೇಡ ಎನ್ನಲಿಲ್ಲ. ನಾನೂ ಎನ್ನಲಿಲ್ಲ. ಆಕೆ ಒಂದು ಸಲ ನನ್ನ ಕಡೆ ನೋಡಿದಳು. ಟೀಚರ್ ಏನಾದರೂ ಹೇಳಿಯಾಳು ಎಂದಿರಬೇಕು.

ಮನೆಗೆ ಬಂದವಳೇ ತಮ್ಮನನ್ನು ಕೇಳಿದೆ. ಅವನು ಉಣ್ಣುತ್ತಿದ್ದ.

"ಹೋದ ಮಳೀಗಿ ಹೊಂಡ ಉಕ್ಕಿತ್ತೇನು?"

"ಒಂದು ಸ್ವಲ್ಪ."

"ಖಾಲಾನ ಮ್ಯಾಲ ಹಾಕಾಕತ್ತಾರೋ."

ತುತ್ತು ಕೈಯಲ್ಲೇ ಉಳಿಯಿತು. "ಅಕ್ಕ, ಯಾರಿಗೂ ಹೇಳಬ್ಯಾಡ. ಹದಿನೈದು ದಿನ ತಡಿ. ವ್ಯಾಪಾರಿ ಬಂದು ಒಯ್ತಾನ. ಈಗ ಹೇಳಿದಿ ಅಂದ್ರ ಊರಾಗ ನಾ ತಲಿ ಎತ್ತಂಗಿಲ್ಲ."

ಅವನ ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಎದ್ದು ನನ್ನ ಕೋಣೆಗೆ ಬಂದೆ.

ಮರುದಿನ ಭಾನುವಾರ. ಬೆಳಿಗ್ಗೆಯಿಂದಲೇ ಮೋಡ ಕಟ್ಟಿ, ಶಹಾಪುರದ ಗುಡ್ಡ ಕಾಣದಂತಾಗಿತ್ತು. ನಾನು ಏರಿಗೆ ಹೋದೆ. ಬರಬಾರದು ಎಂದಿದ್ದರೂ ಖಾಲಾ ಟಬ್ಬು ಹೊತ್ತು ಬಂದಿದ್ದಳು. ನಿನ್ನೆ ಆಕೆಯ ಹೆಸರು ತೆಗೆದವನು ಅಡ್ಡ ನಿಂತಿದ್ದ. ಮಾತಿಗೆ ಮಾತು ಬೆಳೆದು ಅವನು ಟಬ್ಬನ್ನು ಒದ್ದ. ಮೀನೂ ಮಂಜುಗಡ್ಡೆಯೂ ಕೆಸರಲ್ಲಿ ಚೆಲ್ಲಿದವು. ಖಾಲಾ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಮೀನು ಎತ್ತಿ, ಸೆರಗಿನಿಂದ ಒರೆಸಿ ಟಬ್ಬಿಗೆ ಹಾಕತೊಡಗಿದಳು.

"ಆಕಿ ತಂದಿಲ್ಲ," ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. "ನಮ್ಮ ತಮ್ಮನ ಹೊಂಡದಾಗ ಅದಾವ. ತುಂಬ ಅದಾವ."

ಏರಿಯ ಮೇಲೆ ಇದ್ದವರೆಲ್ಲ ನನ್ನ ಕಡೆ ತಿರುಗಿದರು. ಮುತ್ಯಾ ಬಲೆ ಹೊಲಿಯುತ್ತಿದ್ದವನು ಸೂಜಿ ಕೆಳಗಿಟ್ಟ. ನನ್ನನ್ನಲ್ಲ, ಮೋಡವನ್ನು ನೋಡಿದ.

"ಹೊಂಡ ಹಳ್ಳದ ಮ್ಯಾಲಕಡಿ ಅದ ಏನವ್ವಾ?"

"ಹೌದು ಮುತ್ಯಾ."

"ಹಂಗಾದ್ರ ಜಗಳ ಆಮ್ಯಾಲ ಮಾಡ್ರಿ. ಇದ್ದಬಿದ್ದ ಬಲಿ ಎಲ್ಲಾ ತರ್ರಿ. ಗೋಣಿಚೀಲ, ಸಲಿಕಿ, ಎಲ್ಲಾ. ಈ ಮಳಿ ಬಂದು ಹೊಂಡ ಒಡೀತಂದ್ರ ಅಷ್ಟೂ ಕೆರಿಗಿ ಬರ್ತಾವ."

ನಾನು ಮೀನುಗಾರಿಕೆ ಇಲಾಖೆಯ ಅಧಿಕಾರಿಯೊಬ್ಬರಿಗೆ ಫೋನು ಮಾಡಿದೆ. ಶಾಲೆಗೆ ಒಮ್ಮೆ ಬಂದವರು, ನಂಬರು ಇತ್ತು. ಮೀನಿನ ಗುರುತು ಹೇಳಿದ ಕೂಡಲೇ ಅವರ ದನಿ ಬದಲಾಯಿತು. ಅದು ಸಾಕಲು ನಿಷೇಧವಾದ ಮೀನು, ಒಂದೂ ಹರಿಯುವ ನೀರಿಗೆ ಸೇರಬಾರದು, ಹಿಡಿದು ಸುಣ್ಣ ಹಾಕಿ ಹೂಳಿರಿ, ನಾನೂ ಹೊರಡುತ್ತೇನೆ ಎಂದರು.

ಹೊಲ ಮುಟ್ಟುವಾಗ ದೊಡ್ಡ ಹನಿ ಶುರುವಾಗಿದ್ದವು. ತಮ್ಮ ಯಾರಿಂದಲೋ ಸುದ್ದಿ ತಿಳಿದು ಮೊದಲೇ ಬಂದು ಹೊಂಡದ ಒಡ್ಡಿನ ಮೇಲೆ ನಿಂತಿದ್ದ. ಕೈಯಲ್ಲಿ ಸಲಿಕೆ.

"ನನ್ನ ಹೊಲ ಇದು. ಯಾರೂ ಕಾಲಿಡಂಗಿಲ್ಲ." ಆಮೇಲೆ ಗುಂಪಿನಲ್ಲಿ ನನ್ನನ್ನು ಕಂಡ. "ಅಕ್ಕ, ನೀನೇ ಕರಕೊಂಡು ಬಂದ್ಯಾ?"

ಹೌದು ಎಂದು ತಲೆಯಾಡಿಸಿದೆ. ಅವನ ಮುಖ ಹಾಗಾದದ್ದನ್ನು ನಮ್ಮ ಅಪ್ಪ ಸತ್ತ ದಿನ ಒಮ್ಮೆ ನೋಡಿದ್ದೆ.

ಟಬ್ಬು ಒದ್ದವನು ಮುಂದೆ ನುಗ್ಗಿದ. ತಮ್ಮ ಸಲಿಕೆ ಎತ್ತಿದ. ನಾನು ಇಬ್ಬರ ನಡುವೆ ಹೋದೆನೋ ಮುತ್ಯಾ ಹೋದನೋ ಈಗ ಸರಿಯಾಗಿ ನೆನಪಿಲ್ಲ. ಮುತ್ಯಾನ ಮಾತು ಮಾತ್ರ ನೆನಪಿದೆ. "ಅವನ ಹೊಲ ಅವನಿಗಿರಲಿ. ಹಳ್ಳ ಊರಂದು. ಹಳ್ಳಕ್ಕ ಇಳೀರಿ."

ಎಲ್ಲರೂ ಹೊಂಡ ಬಿಟ್ಟು, ಹೊಲದ ಹೊರಗಿನ ಹಳ್ಳಕ್ಕೆ ಇಳಿದರು. ಎರಡು ದಡಕ್ಕೂ ಜಾಲಿ ಗೂಟ ಬಡಿದು ಒಂದರ ಹಿಂದೊಂದು ಮೂರು ಬಲೆ ಕಟ್ಟಿದರು. ಹೆಂಗಸರು ಗೋಣಿಚೀಲಕ್ಕೆ ಉಸುಕು ತುಂಬಿ ಬಲೆಯ ಬುಡಕ್ಕೆ ಒಟ್ಟಿದರು. ನನ್ನ ಪಕ್ಕದಲ್ಲಿ ಚೀಲದ ಬಾಯಿ ಹಿಡಿದವಳು ಖಾಲಾ. ಆಕೆ ಬಂದದ್ದನ್ನೇ ನಾನು ಗಮನಿಸಿರಲಿಲ್ಲ. ಮಳೆ ಈಗ ಎದುರಿನವರ ಮುಖ ಕಾಣದಷ್ಟು ಜೋರಾಗಿತ್ತು. ಹಳ್ಳದ ನೀರು ಪಾದದಿಂದ ಮೊಳಕಾಲಿಗೆ ಬಂತು.

ಆಗ ಮೇಲಿನಿಂದ ತಮ್ಮ ಕೂಗಿದ್ದು ಕೇಳಿತು. ಬೈಗುಳವಲ್ಲ. "ಅಕ್ಕಾ! ಬರ್ರಿ, ಎಲ್ಲಾರೂ ಬರ್ರಿ!"

ಓಡಿದೆವು. ಹೊಂಡ ಇನ್ನೂ ಒಡೆದಿರಲಿಲ್ಲ, ನೀರು ಒಡ್ಡಿನ ಅಂಚಿಗಿಂತ ಗೇಣು ಕೆಳಗಿತ್ತು. ಆದರೆ ಮೀನುಗಳು ಕಾಯಲಿಲ್ಲ. ಹಸಿ ಒಡ್ಡನ್ನು ಹತ್ತಿ ಆಚೆ ಇಳಿಯುತ್ತಿದ್ದವು. ಎದೆಯ ಪಕ್ಕದ ರೆಕ್ಕೆಗಳನ್ನು ನೆಲಕ್ಕೆ ಊರಿ, ಮೈ ಆಚೀಚೆ ಬಳುಕಿಸುತ್ತ, ಹುಲ್ಲಿನ ನಡುವೆ ಹಾವಿನಂತೆ ಹಳ್ಳದ ಕಡೆಗೇ ಹೊರಟಿದ್ದವು. ಮೀನು ನಡೆಯುವುದನ್ನು ನಮ್ಮಲ್ಲಿ ಯಾರೂ ನೋಡಿದವರಲ್ಲ. ಒಬ್ಬಾಕೆ ಹೆದರಿ ಕಿರುಚಿದಳು.

ತಮ್ಮ ಸಲಿಕೆ ಎಸೆದು ಬರಿಗೈಯಲ್ಲಿ ಅವನ್ನು ಹಿಡಿಯುತ್ತಿದ್ದ. ಅವುಗಳ ರೆಕ್ಕೆಯ ಮುಳ್ಳು ಚುಚ್ಚಿ ಅಂಗೈಯಿಂದ ರಕ್ತ ಇಳಿಯುತ್ತಿತ್ತು. ನಾನು ಚೀಲದ ಬಾಯಿ ಅಗಲಿಸಿ ಅವನ ಎದುರು ಕೂತೆ. ಅವನು ಹಿಡಿದು ಹಾಕಿದ, ನಾನು ಬಾಯಿ ಹಿಚುಕಿ ಹಿಡಿದೆ. ಉಳಿದವರು ಒಡ್ಡಿನ ಸುತ್ತ ಬಲೆ ಬೇಲಿಯಂತೆ ಕಟ್ಟಿದರು, ತಗ್ಗಾದ ಕಡೆ ಉಸುಕಿನ ಚೀಲ ಒಟ್ಟಿ ಒಡ್ಡು ಎತ್ತರಿಸಿದರು. ತಮ್ಮನ ಪಂಪಸೆಟ್ಟಿನ ಪೈಪಿನ ಬಾಯಿಗೆ ಸೀರೆ ಸುತ್ತಿ, ಮರಿ ಸಹ ನುಸುಳದ ಹಾಗೆ ಮಾಡಿ, ನೀರನ್ನು ಹಳ್ಳಕ್ಕಲ್ಲ, ತೊಗರಿ ಹೊಲಕ್ಕೆ ಬಿಟ್ಟರು. ಎದ್ದು ನಿಂತಿದ್ದ ತೊಗರಿ ಅಷ್ಟಗಲಕ್ಕೆ ಮುಳುಗಿತು. "ಬಿಡ್ರಿ, ಹೋಗಲಿ," ಎಂದ ತಮ್ಮ, ಆ ಕಡೆ ನೋಡದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಳೆ ಸಣ್ಣದಾಯಿತು. ಒಡ್ಡು ನಿಂತಿತ್ತು. ಅಧಿಕಾರಿ ಮೊಳಕಾಲವರೆಗೆ ಕೆಸರಾಗಿ ಬಂದರು. ರಸ್ತೆಯ ಮೇಲೆ ನೀರು ಬಂದು ಗಾಡಿ ಅಲ್ಲೇ ಬಿಟ್ಟು ನಡೆದಿದ್ದರು. ಹೊಂಡ ಪೂರ್ತಿ ಖಾಲಿ ಮಾಡಿ, ಕೆಸರನ್ನೂ ಕೆದರಿ, ಎಲ್ಲ ಮೀನು ಹೂಳುವುದಕ್ಕೆ ಮರುದಿನದ ಸಂಜೆಯಾಯಿತು. ಗುಂಡಿ ತೋಡಿದವನು ತಮ್ಮನೇ. ಸುಣ್ಣ ಸುರಿದವನೂ ಅವನೇ. ಅಧಿಕಾರಿ ವ್ಯಾಪಾರಿಯ ಬಗ್ಗೆ ಕೇಳಿದಾಗ ತಿಳಿದದ್ದನ್ನೆಲ್ಲ ಬರೆಸಿಕೊಟ್ಟ. ವ್ಯಾಪಾರಿಯ ಫೋನು ಆಗಲೇ ಸ್ವಿಚ್ ಆಫ್ ಆಗಿತ್ತು.

ಹಳ್ಳದ ಮೊದಲ ಬಲೆಯಲ್ಲಿ ಬಹಳ ಸಿಕ್ಕಿದ್ದವು, ಎರಡನೆಯದರಲ್ಲಿ ಕೆಲವು. ಮೂರನೆಯ ಬಲೆ ಬಿಚ್ಚುವಾಗ ಎಲ್ಲರೂ ಬಗ್ಗಿ ನೋಡಿದೆವು. ಒಂದೇ ಒಂದು ಇತ್ತು. ಅದನ್ನೂ ದಾಟಿ ಎಷ್ಟು ಹೋದವೋ ಯಾರಿಗೆ ಗೊತ್ತು.

ನಾನು ಖಾಲಾನ ಮನೆಗೆ ಹೋಗಿ ತಪ್ಪಾಯಿತು ಎಂದೆ. ಆಕೆ ಚಹಾ ಕೊಟ್ಟಳು. "ಒಂದು ರಾತ್ರಿ ತಡಾ ಮಾಡಿದಿ, ಬೇಟಿ," ಎಂದಳು. "ಆ ರಾತ್ರಿ ನಾ ಮಲಗಿಲ್ಲ." ನಾನೂ ಮಲಗಿರಲಿಲ್ಲ ಎನ್ನಬಹುದಿತ್ತು. ಅದು ಸಮಾಧಾನದ ಮಾತಾಗುತ್ತಿರಲಿಲ್ಲ. ಟಬ್ಬು ಒದ್ದವನು ಈಗ ಆಕೆಯ ಹತ್ತಿರವೇ ಮೀನು ಕೊಳ್ಳುತ್ತಾನೆ, ಆದರೆ ತಪ್ಪಾಯಿತು ಎಂದು ಇವತ್ತಿಗೂ ಅಂದಿಲ್ಲ.

ತಮ್ಮ ದೀಪಾವಳಿಯ ತನಕ ನನ್ನೊಡನೆ ಮಾತಾಡಲಿಲ್ಲ. ನನ್ನ ಪಾಲಿನ ರೊಟ್ಟಿ ಬರುವುದು ನಿಂತಿತು. ಹಬ್ಬವಾದ ಮೇಲಿನ ವಾರ ಏರಿಯ ಸಭೆಗೆ ತಾನಾಗಿ ಬಂದ. ಸುತ್ತಲಿನ ಊರುಗಳಲ್ಲಿ ಹೊಂಡ ಇರುವ ರೈತರಿಗೆ ಇದನ್ನು ತಿಳಿಸುವವರು ಯಾರು ಎಂಬ ಮಾತು ನಡೆದಿತ್ತು. "ನಾ ಹೋಗ್ತೀನಿ," ಎಂದ. "ಮೋಸ ಹೋದವ ಹೇಳಿದ್ರ ಕೇಳ್ತಾರ." ವಡಗೇರಾ ಕಡೆಯವರೆಗೂ ಹೋಗಿ ಬಂದ. ಒಬ್ಬರು ಬೈದು ಕಳಿಸಿದರಂತೆ. ಇಬ್ಬರು ತಂತಮ್ಮ ಹೊಂಡ ತೋರಿಸಿದರಂತೆ.

ಈಗ ಯಾರೇ ಮರಿ ತಂದರೂ ಮೊದಲು ಏರಿಗೆ ತಂದು ತೋರಿಸಬೇಕು. ಬಲೆಗಳ ಕಾವಲು ಸರದಿಯಲ್ಲಿ ನಡೆದಿದೆ, ನನ್ನದು ಭಾನುವಾರ. ಮರಲ್ ಮರಿಗಳು ಈ ವರ್ಷ ದಂಡೆಯ ಹುಲ್ಲಿನಲ್ಲಿ ಕಾಣುತ್ತಿವೆ. ಕಳೆದ ವಾರ ಮುತ್ಯಾನ ಬಲೆಗೆ ಮತ್ತೊಂದು ಮಾಂಗೂರ ಬಿತ್ತು, ತೋರುಬೆರಳಿನಷ್ಟು ಸಣ್ಣದು. ದೊಡ್ಡದಾಗಿದ್ದರೆ ಅಂದು ತಪ್ಪಿಸಿಕೊಂಡದ್ದು ಎನ್ನಬಹುದಿತ್ತು. ಸಣ್ಣದೆಂದರೆ ಕೆರೆಯಲ್ಲೇ ಹುಟ್ಟಿದ್ದು. ಮುತ್ಯಾ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಹೆಚ್ಚಿನ ಬಲೆ ತರಲು ಹೇಳಿದ.