ಎಚ್ಚರಿಕೆಯ ಚೌಕ

ಹೋದ ವಾರ ಪ್ಲಿಮತ್‌ನ ಮನೆಯ ಬೇಸ್‌ಮೆಂಟ್ ಖಾಲಿ ಮಾಡುತ್ತಿದ್ದಾಗ ಒಂದು ರಟ್ಟಿನ ಪೆಟ್ಟಿಗೆಯಿಂದ ಶೇಂಗಾ ಚಟ್ನಿಯ ವಾಸನೆ ಬಂತು. ಇಷ್ಟು ವರ್ಷ ಕಾಗದದಲ್ಲಿ ವಾಸನೆ ಉಳಿದೀತೇ, ಅಥವಾ ಎಣ್ಣೆಯ ಕಲೆ ಕಂಡು ನನ್ನ ಮೂಗೇ ನೆನಪಿಸಿಕೊಂಡಿತೋ... ಒಳಗಿದ್ದದ್ದು ಒಂದು ಪ್ರಿಂಟೌಟ್. ನಲವತ್ತೊಂದು ಪುಟಸಂಖ್ಯೆಗಳ ಪಟ್ಟಿ, ಅಂಚಿನಲ್ಲಿ ಪೆನ್ಸಿಲ್ ಗುರುತು. ಅಂಕಲ್ ಹಾಕಿದ್ದು.

ಅವರು ನನಗೆ ನೆಂಟರಲ್ಲ. ನೋವೈ ಎಂಬ ಊರಿನ ಹತ್ತಿರ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ರಿಪೇರಿ ಮ್ಯಾನ್ಯುವಲ್‌ಗಳನ್ನು ನೋಡಿಕೊಳ್ಳುತ್ತಿದ್ದ, ಧಾರವಾಡ ಕಡೆಯ ಹಿರಿಯರು. ಮ್ಯಾನ್ಯುವಲ್‌ಗಳೆಲ್ಲ ಎಸ್‌ಜಿಎಂಎಲ್ ಎಂಬ ಹಳೆಯ ಕಂಪ್ಯೂಟರ್ ಪದ್ಧತಿಯಲ್ಲಿದ್ದವು. ಅವನ್ನು ಎಕ್ಸ್‌ಎಂಎಲ್ ಎಂಬ ಹೊಸದಕ್ಕೆ ಸಾಗಿಸುವ ಕಾಂಟ್ರಾಕ್ಟ್ ನನ್ನದು. ಬೇರೆಯವರು ಹನ್ನೆರಡು ವಾರ ಕೇಳಿದ್ದರು. ನಾನು ಎಂಟಕ್ಕೆ ಒಪ್ಪಿ ಕೆಲಸ ಹಿಡಿದಿದ್ದೆ. ಹೊಸದಾಗಿ ಈ ದಂಧೆಗೆ ಇಳಿಯುವವರಿಗೆ ಒಂದು ಮಾತು: ರೇಟಿನಲ್ಲಿ ಬೇಕಾದರೆ ಇಳಿಯಿರಿ, ದಿನಗಳಲ್ಲಿ ಇಳಿಯಬೇಡಿ. ನಾನಿದನ್ನು ತಡವಾಗಿ ಕಲಿತೆ.

ಪುಟದಲ್ಲಿ ಏನಿರಬೇಕು, ಯಾವುದು ಮೊದಲು ಬರಬೇಕು ಎಂಬ ನಿಯಮಗಳನ್ನು ಅಂಕಲ್ ವರ್ಷಗಟ್ಟಲೆ ಕೂತು ಟೈಪ್ ಮಾಡಿಟ್ಟಿದ್ದರು. ನಾನು ತಂದ ಸ್ಕೀಮಾ ಎಡಿಟರ್ ಎಂಬ ಸಾಫ್ಟ್‌ವೇರ್ ಅಷ್ಟನ್ನೂ ಒಂದೇ ಗುಟುಕಿಗೆ ನುಂಗಿ, ಚೌಕ ಮತ್ತು ಗೆರೆಗಳ ಚಿತ್ರ ಮಾಡಿ ತೋರಿಸಿತು. ಅವರು ಕುರ್ಚಿ ಎಳೆದುಕೊಂಡು ಬಹಳ ಹೊತ್ತು ನೋಡಿದರು.

"ಛಲೋ ಐತಿ. ನಾ ಬರದ ಟಿಪ್ಪಣಿ ಎಲ್ಲಿ ಹೋದ್ವಪಾ?"

ಪ್ರತಿ ನಿಯಮದ ಪಕ್ಕದಲ್ಲಿ ಅದು ಯಾಕೆಂದು ಅವರು ಬರೆದಿದ್ದರು. ಸಾಫ್ಟ್‌ವೇರ್ ಅದನ್ನೆಲ್ಲ ಕೈಬಿಟ್ಟಿತ್ತು. "ಅವು ಕೆಲಸಕ್ಕೆ ಬೇಕಾಗಲ್ಲ ಅಂಕಲ್," ಎಂದೆ.

ಒಪ್ಪಿಸಲು ಎರಡು ದಿನವಿದ್ದಾಗ ನಲವತ್ತೊಂದು ಪುಟಗಳು ನಿಯಮ ಮುರಿದಿವೆ ಎಂದು ತೆರೆಯ ಮೇಲೆ ಕೆಂಪಾಗಿ ನಿಂತವು. ಅಪಾಯದ ಕೆಲಸವಿದ್ದರೆ ಅದಕ್ಕೂ ಮೊದಲು ಎಚ್ಚರಿಕೆ ಬರಲೇಬೇಕು ಎಂಬುದು ಅಂಕಲ್ ನಿಯಮ. ಇವು ಆ ನಿಯಮಕ್ಕಿಂತ ಹಳೆಯ ಪುಟಗಳು. ಎಚ್ಚರಿಕೆ ಎಲ್ಲೋ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ನಾನು ಎಚ್ಚರಿಕೆಯ ಚೌಕದ ಮೇಲೆ ಕ್ಲಿಕ್ ಮಾಡಿ, 'ಕಡ್ಡಾಯ' ಎಂದಿದ್ದುದನ್ನು 'ಐಚ್ಛಿಕ' ಮಾಡಿದೆ. ಕೆಂಪೆಲ್ಲ ಮಾಯ.

"ಕೆಂಪು ಹೋತು ಅಂದ್ರ ತಪ್ಪೂ ಹೋತೇನು?" ಅಂಕಲ್ ಹಿಂದೆಯೇ ನಿಂತಿದ್ದರು.

"ಸೆಕೆಂಡ್ ಫೇಸ್‌ನಲ್ಲಿ, ಮುಂದಿನ ಹಂತದಲ್ಲಿ ನೋಡ್ಕೊಳ್ಳೋಣ ಅಂಕಲ್. ಈಗ ಡೇಟ್ ಮುಖ್ಯ."

"ಟಿಪ್ಪಣಿ ಓದಿದ್ರ ಹಿಂಗ ಅಂತಿದ್ದಿಲ್ಲ ನೀ."

ಆಗ ಹೇಳಿದರು. ಹಿಂದೊಮ್ಮೆ ಒಬ್ಬ ಮೆಕ್ಯಾನಿಕ್ ಮ್ಯಾನ್ಯುವಲ್ ನೋಡುತ್ತ ಸ್ಪ್ರಿಂಗ್ ಬಿಚ್ಚಿದ್ದನಂತೆ. ಅದು ಸಿಡಿದು ಒಂದು ಕಣ್ಣು ಹೋಯಿತು. ಎಚ್ಚರಿಕೆ ಮುಂದಿನ ಪುಟದಲ್ಲಿತ್ತು. "ಆ ಪುಟ ಕೂಡ್ಸಿದಾಂವ ನಾನ," ಎಂದರು. ಮರುದಿನವೇ ಬರೆದ ನಿಯಮವಂತೆ ಅದು.

"ಮೂರು ದಿನ ಕೊಡು. ನಲವತ್ತೊಂದೂ ಸರಿ ಮಾಡ್ತೀನಿ."

"ಒಂದು ದಿನ, ಅಂಕಲ್."

"ಸಂತ್ಯಾಗ ಬದ್ನಿಕಾಯಿ ಕೊಳ್ಳಾಕ ಬಂದೀಯೇನಪಾ?" ನಕ್ಕರು. ಆದರೆ ಮತ್ತೆ ಕೇಳಲಿಲ್ಲ. ಕೆಂಪು ಪುಟಗಳ ಪಟ್ಟಿಯನ್ನು ಪ್ರಿಂಟ್ ಮಾಡಿಕೊಂಡು, ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಪಕ್ಕಕ್ಕಿಟ್ಟುಕೊಂಡು, ಸರಿ ಮಾಡಿದ ಪುಟಕ್ಕೆ ಪೆನ್ಸಿಲ್ ಟಿಕ್ ಹಾಕುತ್ತ ಕೂತವರು ಏಳಲೇ ಇಲ್ಲ. ಮರುದಿನ ಸಂಜೆ ಪಟ್ಟಿಯನ್ನು ನನ್ನ ಕೈಗಿತ್ತರು. "ಉಳಿದದ್ದು ನಿನ್ನ ಸೆಕೆಂಡ್ ಫೇಸ್‌ನ್ಯಾಗ. ಆ ಚೌಕಾನೂ ಕಡ್ಡಾಯ ಮಾಡು, ಮರೀಬ್ಯಾಡ." ನಾನು ನೋಡದೆ ಚೀಲಕ್ಕೆ ಹಾಕಿಕೊಂಡೆ.

ಕೆಲಸ ಸಮಯಕ್ಕೆ ಮುಗಿಯಿತು. ಸೆಕೆಂಡ್ ಫೇಸ್ ಬರಲಿಲ್ಲ. ಚೌಕ ಐಚ್ಛಿಕವಾಗಿಯೇ ಉಳಿಯಿತು. ನಿಯಮ ಕಾಯಲು ಈಗ ಸಾಫ್ಟ್‌ವೇರ್ ಇದೆಯಲ್ಲ ಎಂದು ಕಂಪನಿಯವರು ಅಂಕಲ್‌ರನ್ನು ಮನೆಗೆ ಕಳಿಸಿದರು. ಆ ವೇಳೆಗೆ ನಾನು ಶಿಕಾಗೋ ಕಡೆ ಇನ್ನೊಂದು ಕಾಂಟ್ರಾಕ್ಟ್‌ನಲ್ಲಿದ್ದೆ. ಫೋನ್ ಮಾಡಬೇಕು, ಮಾಡಬೇಕು ಎಂದುಕೊಳ್ಳುತ್ತಲೇ...

ಕೆಲವು ವರ್ಷಗಳ ನಂತರ ನೋವೈ ದೇವಸ್ಥಾನದಲ್ಲಿ ಅವರ ಹೆಂಡತಿ ಸಿಕ್ಕರು. ಅಂಕಲ್ ತೀರಿಕೊಂಡು ಆರು ತಿಂಗಳಾಗಿತ್ತು. "ಆ ಹುಡುಗ ಚೌಕ ತಿರುಗಿ ಕಡ್ಡಾಯ ಮಾಡ್ಯಾನೋ ಇಲ್ಲೋ ಅಂತ ಆಸ್ಪತ್ರ್ಯಾಗೂ ಕೇಳ್ತಿದ್ರು ನೋಡಪಾ. ಏನ್ ಚೌಕಾನೋ, ನನಗೇನ್ ತಿಳೀಬೇಕು."

"ಮಾಡಿದೀನಿ ಆಂಟಿ," ಎಂದುಬಿಟ್ಟೆ. ಅವರ ಮುಖ ಹಗುರಾಯಿತು.

ಆ ಕಂಪನಿ ಈಗಿಲ್ಲ. ಆ ಪುಟಗಳು ಯಾವ ಗ್ಯಾರೇಜಿನಲ್ಲಿ, ಯಾರ ಕೈಯಲ್ಲಿ ಇವೆಯೋ ಗೊತ್ತಿಲ್ಲ. ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕೂತು, ಪೆನ್ಸಿಲ್ ಗುರುತುಗಳನ್ನು ಮೊದಲ ಸಲ ಎಣಿಸಿದೆ. ಇಪ್ಪತ್ತಾರಕ್ಕೆ ಟಿಕ್ ಇದೆ. ಹದಿನೈದು ಹಾಗೇ ಉಳಿದಿವೆ.

ಅವರು ಕೇಳಿದ್ದು ಇನ್ನೆರಡೇ ದಿನ.