ಬಾಗಿಲು ಹಾಕಿದವನ ಅಭಿಮಾನಿ

ರಾಮಮೂರ್ತಿ ನಗರದ ಶಿವಶರಣನಿಗೆ ಊಟ ತಡವಾದರೆ ನಡೆಯುತ್ತದೆ, ಟ್ರೇಲರ್ ತಡವಾಗಕೂಡದು. ತನ್ನವರನ್ನು ಶತ್ರುಗಳ ಕೈಗೆ ಬಿಟ್ಟು, ಬಾಗಿಲು ಹಾಕಿಕೊಂಡು ಅಂತರಿಕ್ಷ ನೌಕೆ ಹಾರಿಸಿದ ಪೈಲಟ್ಟೊಬ್ಬ ಶಿವಶರಣನ ಮೆಚ್ಚಿನ ಸಿನಿಮಾ ಸರಣಿಯಲ್ಲಿ ಹತ್ತೇ ನಿಮಿಷ ಬಂದುಹೋಗಿದ್ದ. ಈಗ ಅವನ ಕಥೆಯೇ ಬೇರೊಂದು ಸಿನಿಮಾ ಆಗುತ್ತಿದೆ. "ಅವನನ್ನ ಒಳ್ಳೆಯವನು ಮಾಡಿದ್ರೆ ಪರದೆ ಹರೀತೀನಿ ಮಗಾ!" ಎಂದು ಶಿವಶರಣ ಟೀ ಅಂಗಡಿಯಲ್ಲಿ ಗುಡುಗುತ್ತಾನೆ. ಬೀದಿಯಲ್ಲಿ ಕೊಳಚೆ ಹರಿದರೂ ತೆರೆಯದ ಬಾಯಿ ಅದು! ಮನೆಗೆ ಬಂದರೆ ಟ್ರೇಲರನ್ನು ನಿಲ್ಲಿಸಿ ನಿಲ್ಲಿಸಿ, ಬಾಗಿಲು ಹಾಕುವಾಗ ಆ ಪೈಲಟ್ ತಿರುಗಿ ನೋಡಿದನೇ ಎಂದು ಹುಡುಕುತ್ತಾನೆ. ಹೋದ ತಿಂಗಳು, ಕೆಲಸದಿಂದ ಯಾರನ್ನು ತೆಗೆಯೋಣ ಎಂದು ಮ್ಯಾನೇಜರ್ ಕೇಳಿದಾಗ, ತಾನು ಉಳಿಯಲೆಂದು ಗೆಳೆಯ ಸುನೀಲನ ಹೆಸರು ಹೇಳಿದವನು ಇವನೇ. ಅದನ್ನರಿಯದ ಹೆಂಡತಿ ಶಿವಾನಿ ಇವನ ಹುಡುಕಾಟ ಕಂಡು ನಗುತ್ತಾಳೆ: "ತಿರುಗಿ ನೋಡಿದ್ರೂ ಬಾಗಿಲಂತೂ ಹಾಕಿದ್ನಲ್ಲ ರೀ?"