ಹೊಗೆಯಕ್ಕನ ಮೂಗು

ಸಮುದ್ರದಾಚೆ ಯಾವುದೋ ಊರಿನಲ್ಲಿ ಯಾರೋ ಪ್ಲಾಸ್ಟಿಕ್ ಚೀಲಕ್ಕೆ ಬೆಂಕಿ ಇಟ್ಟರೆ ಇಲ್ಲಿ ಹೊಗೆಯಕ್ಕ ಸೀನುತ್ತಾರೆ. ಆ ಸೀನಿನ ರಭಸಕ್ಕೆ ಅಲ್ಲಿ ಬೆಂಕಿ ಆರಿಹೋಗುತ್ತದೆ. ಅಂಥ ಮೂಗನ್ನು ಮಾಡಿದ ಮೇಲೆ ದೇವರು ಕೈನೋವೆಂದು ಒಂದು ವಾರ ರಜೆ ಹಾಕಿದನಂತೆ. ನಂಬದವರು ಬೆಳಕು ಹರಿಯುವ ಹೊತ್ತಿಗೆ ಅವರ ತಳ್ಳುಗಾಡಿಯ ಹಿಂದೆ ನಡೆದು ನೋಡಬಹುದು.

ಗಾಡಿಯಲ್ಲಿ ಎರಡು ಬಕೆಟ್ ನೀರು, ಒಂದು ಸಲಿಕೆ, ಖಾಲಿ ಗೋಣಿಚೀಲ. ಅಕ್ಕ ಮಹಡಿಗಳ ಕಡೆ ಮುಖ ಎತ್ತಿಕೊಂಡೇ ನಡೆಯುತ್ತಾರೆ. ಗಾಳಿ ಮೂಸುವ ಭಂಗಿ ಅದು! ಮನೆಯ ಕಸವನ್ನು ಬಯಲಲ್ಲಿ ಸುಡಬಾರದು ಎಂಬುದು ಪುರಸಭೆಯ ಕಟ್ಟಳೆ. ಪ್ಲಾಸ್ಟಿಕ್, ರಬ್ಬರ್, ಬಣ್ಣ ಬಳಿದ ಮರ ಯಾವುದೂ ಕೂಡದು. ಒಣಗಿದ ಎಲೆಯಾದರೆ ಗೊಬ್ಬರದ ಗುಂಡಿಗೆ. ಈ ಕಟ್ಟಳೆಯನ್ನು ಬೀದಿಬೀದಿಗೆ ಹೊತ್ತು ತಿರುಗುವುದು ಅಕ್ಕನ ಕೆಲಸ. ದಂಡದ ಚೀಟಿ ಜೇಬಿನಲ್ಲಿದೆ, ಆದರೆ ಮೊದಲು ಹೊರಬರುವುದು ನಾಲಿಗೆ.

ಮೂರನೇ ಬೀದಿಯ ದರ್ಜಿ ತಾತನಿಗೆ ಆ ನಾಲಿಗೆಯ ರುಚಿ ಗೊತ್ತು. ಕಳೆದ ಚಳಿಗಾಲದ ಒಂದು ಬೆಳಗ್ಗೆ ಅವರು ಅಂಗಡಿಯ ಚಿಂದಿಯನ್ನೆಲ್ಲ ಹಿತ್ತಲಲ್ಲಿ ಗುಡ್ಡೆ ಹಾಕಿ ಕಡ್ಡಿ ಗೀರಿದ್ದರು. ಪಕ್ಕದ ಮನೆಯ ಮಹಡಿಯಲ್ಲಿ ಉಬ್ಬಸದ ಪುಟ್ಟಿ. ಹೊಗೆ ತಗುಲಿದರೆ ಆ ಮಗುವಿನ ಎದೆ ಗೊರಗೊರ, ತುಟಿ ನೀಲಿ. ಅಕ್ಕ ಬಕೆಟ್ ಹಿಡಿದು ಓಡಿಬಂದರು.

"ನನ್ನ ಹಿತ್ತಲು, ನನ್ನ ಬೆಂಕಿಪೊಟ್ಟಣ. ನಿನಗೇನಮ್ಮಾ ಉರಿ?" ಅಂದರು ತಾತ.

"ಹಿತ್ತಲು ನಿಮ್ಮದೇ ತಾತ. ಹೊಗೆಗೆ ಕಾಂಪೌಂಡ್ ಕಟ್ಟಿಸಿದ್ದೀರಾ?"

"ಬಟ್ಟೆ ಕಣಮ್ಮಾ ಇದು. ಪ್ಲಾಸ್ಟಿಕ್ ಅಲ್ಲ!"

ಅಕ್ಕ ನೀರು ಸುರಿದರು. ಆಮೇಲೆ ಮೆತ್ತಗೆ ಕೇಳಿದರು: "ಗಿರಾಕಿ ತಂದ ಬಟ್ಟೆ ಅಪ್ಪಟ ಹತ್ತಿಯೋ ಅಲ್ಲವೋ ಅಂತ ನೀವು ಹೇಗೆ ನೋಡ್ತೀರಿ?"

ಒಂದು ಎಳೆ ಸುಟ್ಟು ನೋಡುವುದು ತಾತನೇ ನಾಲ್ಕು ಜನಕ್ಕೆ ಕಲಿಸಿದ ವಿದ್ಯೆ. ಹತ್ತಿಯಾದರೆ ಬೂದಿ, ನಕಲಿಯಾದರೆ ಕರಗಿ ಗಟ್ಟಿ ಮಣಿ. ಬಗ್ಗಿ ಗುಡ್ಡೆ ಕೆದಕಿದರು. ಬೆರಳಿಗೆ ಸಿಕ್ಕಿದ್ದೆಲ್ಲ ಕರೀ ಮಣಿ.

"ಮೂಸಿ ನೋಡಿ ನೀವೇ ಹೇಳಿ ತಾತ" ಅಂದರು ಅಕ್ಕ.

"ಪ್ಲಾಸ್ಟಿಕ್ಕೇ. ಇಷ್ಟು ವರ್ಷ ಕತ್ತರಿ ಹಿಡಿದು ಇದೇ ಮರೆತೆನಲ್ಲ" ಅಂದ ತಾತ ಮೇಲಿನ ಕಿಟಕಿಯ ಕಡೆ ನೋಡಿದರು. ಒಳಗಿನಿಂದ ಕೆಮ್ಮು ಕೇಳುತ್ತಿತ್ತು. ಅದು ನಿಲ್ಲುವವರೆಗೆ ಇಬ್ಬರೂ ಅಲ್ಲಾಡಲಿಲ್ಲ.

ಈಗ ತಾತನ ಚಿಂದಿ ದಿಂಬಿನ ಹೊಟ್ಟೆ ಸೇರುತ್ತದೆ. ಮೊದಲ ದಿಂಬು ಹೋದದ್ದು ಪುಟ್ಟಿಗೆ. ಪುಟ್ಟಿಯ ಅಮ್ಮ ಅಕ್ಕನನ್ನು ಚಹಾ ಕುಡಿಸದೆ ಮುಂದೆ ಬಿಡುವುದಿಲ್ಲ. "ಡಾಕ್ಟರ ಋಣ ತೀರಿಸಬಹುದು, ಇವರದ್ದು ಹೇಗೆ ತೀರಿಸೋದು?" ಅನ್ನುತ್ತಾರೆ. "ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕಿ ತೀರಿಸು ತಾಯಿ" ಅನ್ನುತ್ತಾರೆ ಅಕ್ಕ.

ಇಷ್ಟನ್ನು ಬರೆದು, ದರ್ಜಿ ತಾತನ ಜಗಲಿಯಲ್ಲಿ ಅಕ್ಕನಿಗೇ ಓದಿ ಹೇಳಿದೆ. ಅಕ್ಕ ನಕ್ಕ ನಗುವಿಗೆ ಲೋಟದ ಚಹಾ ಚೆಲ್ಲಿತು.

"ಯಾರ ಮೂಗಪ್ಪಾ ಇದು? ಊರಾಚೆ ಕಸದ ಗುಡ್ಡೆಯ ಬೆಂಕಿ ಆರಿಸೋ ಕೆಲಸದಲ್ಲೇ ನನ್ನ ಮೂಗು ಸತ್ತುಹೋಯ್ತು. ಒಲೆ ಮೇಲೆ ಹಾಲು ಸೀದರೂ ಮಗಳು ಕೂಗಬೇಕು."

"ಮತ್ತೆ ಬೆಂಕಿ ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತೆ?" ಅಂದೆ.

"ಕಿಟಕಿ ನೋಡ್ತೀನಿ. ಬೆಳಗಿನ ಗಾಳಿಗೆ ತೆರೆದ ಕಿಟಕಿನ ಯಾರೂ ಸುಮ್ಮನೆ ಮುಚ್ಚಲ್ಲ. ಎಲ್ಲಾದರೂ ದಢಕ್ ಅಂದ್ರೆ ಬಕೆಟ್ ಎತ್ಕೋತೀನಿ. ಒಂದು ದಿನ ಬೀದಿ ಈ ತುದಿಯಿಂದ ಆ ತುದಿವರೆಗೆ ಒಂದೂ ಮುಚ್ಚಬಾರದು. ಅಷ್ಟು ನೋಡಿದ್ರೆ ಸಾಕು ನನಗೆ."

ಸಿಕ್ಕಿಬಿದ್ದ ಮೇಲೆ ಒಪ್ಪಿಕೊಳ್ಳದೆ ದಾರಿಯಿಲ್ಲ. ಸೀನು ಸುಳ್ಳು, ಸಮುದ್ರದಾಚೆಯ ಊರು ಸುಳ್ಳು, ದೇವರ ರಜೆಯೂ ಸುಳ್ಳು. ಆದರೆ ಈ ಬೆಳಗ್ಗೆ ಮಹಡಿಯ ಕಿಟಕಿ ಪೂರ್ತಿ ತೆರೆದಿತ್ತು, ಚಿಂದಿ ದಿಂಬಿನ ಮೇಲೆ ಮೊಣಕೈ ಊರಿ ಪುಟ್ಟಿ ಬೀದಿಗೆಲ್ಲ ಕೇಳುವಂತೆ "ಹೊಗೆಯಕ್ಕಾ!" ಅಂತ ಕೂಗಿದಳು. ಒಂದೇ ಉಸಿರಿಗೆ. ಅದು ಮಾತ್ರ ನಿಜ.